ರಸ್ತೆ ಚೆಂದ ಆದ್ಮೇಲೆ ಬಾಡಿಗೆ ಏರುತ್ತೆ: ಸಣ್ಣ ಅಂಗಡಿಯವರು ಏನು ಮಾಡಬೇಕು?

ರಸ್ತೆ ಅಗಲ ಆಯ್ತು, ಹೊಸ ಬೀದಿದೀಪ ಬಂತು, ಮೂಲೆಯಲ್ಲೊಂದು ಕೆಫೆ ಶುರುವಾಯ್ತು ಅಂದ್ರೆ ಎಲ್ಲರಿಗೂ ಖುಷಿ. ಆದರೆ ಅಗ್ರಿಮೆಂಟ್ ಮುಗಿದಾಗ ಮಾಲೀಕರು ಹೇಳುವ ಹೊಸ ಬಾಡಿಗೆ ಕೇಳಿ ಹಳೇ ಅಂಗಡಿಯವರ ಎದೆ ಧಸಕ್ ಎನ್ನುತ್ತದೆ.

ಇದಕ್ಕೆ ‘ಜೆಂಟ್ರಿಫಿಕೇಶನ್’ ಎನ್ನುತ್ತಾರೆ. ಲಂಡನ್ನಿನ ಕಾರ್ಮಿಕರ ಬಡಾವಣೆಗಳಿಗೆ ಉಳ್ಳವರು ಬಂದು, ಹಳಬರು ಜಾಗ ಖಾಲಿ ಮಾಡಬೇಕಾಗಿ ಬಂದದ್ದಕ್ಕೆ 1964ರಲ್ಲಿ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಕೊಟ್ಟ ಹೆಸರಿದು. ಬೆಂಗಳೂರಿನ ಇಂದಿರಾನಗರದ 100 ಅಡಿ ರಸ್ತೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆಗಳಿದ್ದ ಕಡೆ ಈಗ ಪಬ್ಬು, ಶೋರೂಮು.

ಇದು ಅಂಗಡಿಯವರ ಕಷ್ಟ ಮಾತ್ರ ಅಲ್ಲ. ಕಡಿಮೆ ಸಾಮಾನಿನಲ್ಲಿ ಬದುಕುವುದು, ಅಂದರೆ ‘ಮಿನಿಮಲಿಸಂ’, ಈಗ ನಗರಗಳಲ್ಲಿ ಫ್ಯಾಶನ್. ನಮಗೇನೂ ಹೊಸದಲ್ಲ. ಬಟ್ಟೆ ಹರಿದರೆ ಟೈಲರ್, ಮಿಕ್ಸಿ ಕೆಟ್ಟರೆ ರಿಪೇರಿ ಅಂಗಡಿ, ಸಕ್ಕರೆ ಮುಗಿದರೆ ಎದುರಿನ ಕಿರಾಣಿ. ಬೀದಿಯಲ್ಲಿ ಇವೆಲ್ಲ ಇರೋದ್ರಿಂದಲೇ ಮನೇಲಿ ಕಡಿಮೆ ಇಟ್ಟುಕೊಂಡು ಬದುಕೋಕೆ ಆಗೋದು. ಈ ಅಂಗಡಿಗಳು ಹೋದರೆ ರಿಪೇರಿ ಬದಲು ಹೊಸದೇ ಕೊಳ್ಳಬೇಕು, ಉದ್ರಿಯೂ ಸಿಗಲ್ಲ.

ಕಾನೂನು ಏನು ಹೇಳುತ್ತೆ?

ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂಗಡಿಗಳ ಮಟ್ಟಿಗೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ಮಳಿಗೆಗಳಿಗಷ್ಟೇ ಅನ್ವಯ. ಅದರಲ್ಲೂ ಬಾಡಿಗೆ ಮೊತ್ತದ ಮಿತಿ ಇದೆ. ಉಳಿದವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಕರಾರುಪತ್ರ ಇಲ್ಲದೆ ತಿಂಗಳ ಬಾಡಿಗೆಯಲ್ಲಿದ್ದರೆ 15 ದಿನದ ನೋಟಿಸ್ ಸಾಕು. ಹಾಗಂತ ಕೋರ್ಟ್ ಆದೇಶ ಇಲ್ಲದೆ ಬಲವಂತವಾಗಿ ಹೊರಹಾಕುವಂತಿಲ್ಲ.

ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸೋಕೇ 11 ತಿಂಗಳ ಅಗ್ರಿಮೆಂಟ್ ರೂಢಿಗೆ ಬಂದಿದ್ದು. ಖರ್ಚು ಉಳಿಯುತ್ತೆ ನಿಜ, ಆದರೆ 11 ತಿಂಗಳಾದ ಮೇಲೆ ಬಾಡಿಗೆ ಹೊಸದಾಗಿ ಮಾತಾಡಬೇಕು.

ಹಾಗಾಗಿ ಸಾಧ್ಯವಾದರೆ 3 ಅಥವಾ 5 ವರ್ಷಕ್ಕೆ ಕರಾರು ಮಾಡಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರಬೇಕು, ಖಾಲಿ ಮಾಡಲು ಎಷ್ಟು ತಿಂಗಳ ನೋಟಿಸ್, ಅಡ್ವಾನ್ಸ್ ಯಾವಾಗ ವಾಪಸ್ ಎಂಬುದನ್ನು ಅದರಲ್ಲೇ ಬರೆಸಿ. ಬಾಡಿಗೆಯನ್ನು ಬ್ಯಾಂಕ್ ಮೂಲಕ ಕಟ್ಟಿ, ದಾಖಲೆ ಉಳಿಯುತ್ತೆ.

ಈ ಮಾತುಕತೆ ರಸ್ತೆ ಕೆಲಸ ಮುಗಿಯುವ ಮೊದಲೇ ಆಗಲಿ. ಮುಗಿದ ಮೇಲೆ ರೇಟೇ ಬೇರೆ.