ಹಲ್ಲಿನ ಸಾಲನ್ನು ನೇರಗೊಳಿಸುವ ವಿಷಯ: ಪೋಷಕರಿಗೆ ಕೆಲವು ಮಾತುಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮನೆಯವರಿಗೆ ಉಪಯೋಗವಾಗತಕ್ಕ ಒಂದು ವಿಷಯವನ್ನು ಕುರಿತು ಬರೆಯುವ ವಾಡಿಕೆಯುಂಟು. ಈ ಸಾರಿ ನಾವು ಆರಿಸಿಕೊಂಡ ವಿಷಯವನ್ನು ನೋಡಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ನಗಬಹುದು. ನಗಲಿ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯದೆ ನಗಲಿ ಎಂಬುದೇ ಈ ಲೇಖನದ ಉದ್ದೇಶವಾಗಿದೆ.

ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಬಾಲಿಕೆ ಇದ್ದಳು. ಪಾಠದಲ್ಲಿ ಚುರುಕಾದವಳು. ಆದರೆ ಗಟ್ಟಿಯಾಗಿ ಓದಹೇಳಿದರೆ ಪುಸ್ತಕವನ್ನು ತುಟಿಗಳ ಮಟ್ಟಕ್ಕೆ ಎತ್ತಿ ಹಿಡಿಯುವಳು. "ಪುಸ್ತಕವನ್ನು ಕೆಳಗೆ ಹಿಡಿ, ಮಗು, ನಿನ್ನ ಸ್ವರ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ" ಎಂದು ನಾವು ಹಲವು ಸಾರಿ ಹೇಳಿದೆವು. ಒಂದೆರಡು ಸಾರಿ ಗದರಿಸಿದ್ದೂ ಉಂಟು. ಕಾರಣವು ಆಮೇಲೆ ತಿಳಿಯಬಂತು. ಅವಳ ಮೇಲಿನ ಬಾಚಿಹಲ್ಲುಗಳು ಒಂದರ ಮೇಲೊಂದು ಏರಿದ್ದವು. ಒಂದು ಕೋರೆಹಲ್ಲು ಸಾಲಿನಿಂದ ಹೊರಕ್ಕೆ ಚಾಚಿತ್ತು. ಯಾವುದೋ ಮದುವೆಯ ಮನೆಯಲ್ಲಿ ನೆಂಟರೊಬ್ಬರು ಅದನ್ನು ಕುರಿತು ಹಾಸ್ಯವಾಡಿದ್ದರು. ಆಡಿದವರು ಮರೆತರು, ಹುಡುಗಿ ಮರೆಯಲಿಲ್ಲ.

ಕೆಲವು ದಿನಗಳಲ್ಲಿ ಅವಳ ತಾಯಿ ನಮ್ಮ ಕಚೇರಿಗೆ ಬಂದರು. "ಮೇಡಂ, ಹಲ್ಲಿಗೆ ಕ್ಲಿಪ್ ಹಾಕಿಸೋಣವೆಂದರೆ ಇವಳು ಒಲ್ಲೆ ಎನ್ನುತ್ತಾಳೆ. ಕಣ್ಣಿಗೆ ಕಾಣದ ಕ್ಲಿಪ್ ಬಂದಿದೆಯಂತೆ, ಊಟಕ್ಕೆ ತೆಗೆದಿಡಬಹುದಂತೆ. ನಿಜವೇ? ಅಷ್ಟು ಹಣ ಹಾಕಬಹುದೇ?" ಎಂದು ಕೇಳಿದರು. ನಾವು ವೈದ್ಯರಲ್ಲ; ಆ ದಿನ ಅವರಿಗೆ ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆವು. ಅದೇ ಪ್ರಶ್ನೆಯು ಇತರ ಮನೆಗಳಲ್ಲಿಯೂ ಇರುವುದರಿಂದ, ತರುವಾಯ ವೈದ್ಯರನ್ನು ಕೇಳಿಯೂ ಓದಿಯೂ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ.

ಹಲ್ಲುಗಳು ಸಾಲು ತಪ್ಪುವುದೇಕೆಂದು ಮೊದಲು ತಿಳಿಯತಕ್ಕದ್ದು. ಅನೇಕ ವೇಳೆ ಇದು ವಂಶದಿಂದ ಬರುವ ಸಂಗತಿ: ದವಡೆಯು ಚಿಕ್ಕದಾಗಿ ಹಲ್ಲುಗಳು ದೊಡ್ಡವಾಗಿದ್ದರೆ ಸ್ಥಳ ಸಾಲದೆ ಅವು ಒಂದನ್ನೊಂದು ನೂಕುತ್ತವೆ. ಬಹುಕಾಲ ಬೆರಳು ಚೀಪುವುದೂ ನಾಲಗೆಯಿಂದ ಹಲ್ಲುಗಳನ್ನು ಒತ್ತುವುದೂ ಮೂಗನ್ನು ಬಿಟ್ಟು ಬಾಯಿಯಿಂದ ಉಸಿರಾಡುವುದೂ ಇತರ ಕಾರಣಗಳು. ಇನ್ನೊಂದು ಕಾರಣವನ್ನು ತಾಯಂದಿರು ಅಲಕ್ಷ್ಯ ಮಾಡುವುದುಂಟು. "ಹೇಗೂ ಬೀಳುವ ಹಾಲುಹಲ್ಲು ತಾನೇ" ಎಂದು ಹುಳುಕನ್ನು ಬಿಟ್ಟುಬಿಡುತ್ತಾರೆ. ಹಾಲುಹಲ್ಲು ತನ್ನ ಕೆಳಗಿನ ಹಲ್ಲಿಗೆ ಸ್ಥಳವನ್ನು ಕಾಯ್ದಿಡುವ ಕಾವಲುಗಾರನಿದ್ದಂತೆ. ಅದು ಅಕಾಲದಲ್ಲಿ ಹೋದರೆ ನೆರೆಯ ಹಲ್ಲುಗಳು ಆ ಎಡೆಗೆ ವಾಲುತ್ತವೆ. ಹಿಂದಿನಿಂದ ಬರುವ ಹಲ್ಲಿಗೆ ದಾರಿಯಿಲ್ಲದಂತಾಗುತ್ತದೆ.

ವಕ್ರವಾದ ಹಲ್ಲಿನಿಂದಾಗುವ ತೊಂದರೆಯು ಅಂದದ್ದು ಮಾತ್ರವಲ್ಲ. ಒಂದರ ಮೇಲೊಂದು ಏರಿದ ಹಲ್ಲುಗಳ ಸಂದಿಗೆ ಬ್ರಷ್ಷು ತಲುಪುವುದು ಕಷ್ಟ. ಅಲ್ಲಿ ಹುಳುಕೂ ವಸಡಿನ ಬಾವೂ ಹುಟ್ಟುವ ಸಂಭವವಿದೆ. ಮುಂದಕ್ಕೆ ಉಬ್ಬಿದ ಹಲ್ಲುಗಳು ಆಟದ ಮೈದಾನದಲ್ಲಿ ಬಿದ್ದಾಗ ಬೇಗನೆ ಮುರಿಯುತ್ತವೆ. ಆದರೆ ಕೊಂಚ ಓರೆಯಾಗಿದ್ದೂ ಸರಿಯಾಗಿ ಅಗಿಯಲು ಬರುವ, ಚೊಕ್ಕಟವಾಗಿಡಬಹುದಾದ ಹಲ್ಲಿಗೆ ಯಾವ ಚಿಕಿತ್ಸೆಯೂ ಅಗತ್ಯವಿಲ್ಲದಿರಬಹುದು. ಅದನ್ನು ಹೇಳತಕ್ಕವರು ವೈದ್ಯರೇ ಹೊರತು ಮದುವೆ ಮನೆಯ ನೆಂಟರಲ್ಲ.

ಎಲುಬಿನಲ್ಲಿ ನಾಟಿಕೊಂಡಿರುವ ಹಲ್ಲು ಸರಿಯುವುದು ಹೇಗೆ? ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಇರುವುದಿಲ್ಲ. ಅದರ ಬೇರಿಗೂ ದವಡೆಯ ಎಲುಬಿಗೂ ನಡುವೆ ಸೂಕ್ಷ್ಮವಾದ ನಾರುಗಳ ಒಂದು ಪೊರೆಯಿದೆ. ಅದರ ದಪ್ಪವು ಸುಮಾರು ೦.೨ ಮಿಲಿಮೀಟರು. ಹಲ್ಲನ್ನು ಮೆಲ್ಲನೆ ಎಡೆಬಿಡದೆ ಒತ್ತಿದರೆ, ಒತ್ತಡ ಬೀಳುವ ಕಡೆಯಲ್ಲಿ ಎಲುಬನ್ನು ಕರಗಿಸುವ ಜೀವಕೋಶಗಳೂ ಸೆಳೆತ ಬೀಳುವ ಕಡೆಯಲ್ಲಿ ಎಲುಬನ್ನು ಕಟ್ಟುವ ಜೀವಕೋಶಗಳೂ ಕೆಲಸಕ್ಕೆ ತೊಡಗುತ್ತವೆ. ಗದ್ದೆಯ ಬದುವನ್ನು ಸರಿಸುವ ಒಕ್ಕಲಿಗನು ಒಂದು ಮಗ್ಗುಲಿನ ಮಣ್ಣನ್ನು ಕೆತ್ತಿ ಇನ್ನೊಂದು ಮಗ್ಗುಲಿಗೆ ಮೆತ್ತುವಂತೆಯೇ ಇದು. ಈ ಕೆಲಸಕ್ಕೆ ಅವಸರವು ಹಗೆ. ಬಲವಾಗಿ ಒತ್ತಿದರೆ ಹಲ್ಲು ಬೇಗ ಸರಿಯುವುದಿಲ್ಲ, ಬೇರೇ ಸವೆಯಬಹುದು. ತಂತಿಯಾಗಲಿ ಅಲೈನರಾಗಲಿ, ಎರಡೂ ಕೆಲಸ ಮಾಡುವುದು ಈ ಒಂದೇ ನಿಯಮದಂತೆ.

ತಂತಿಯ ಇತಿಹಾಸ ಹಳೆಯದು. ಫ್ರಾನ್ಸ್ ದೇಶದ ಪಿಯೇರ್ ಫೋಶಾರ್ ಎಂಬ ದಂತವೈದ್ಯನು ೧೭೨೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಿಲ್ಲಿನಂತೆ ಬಾಗಿಸಿದ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟುವ ಕ್ರಮವನ್ನು ವಿವರಿಸಿದ್ದಾನೆ. ೧೮೯೯ರಲ್ಲಿ ಅಮೇರಿಕದ ಎಡ್ವರ್ಡ್ ಆಂಗಲ್ ಎಂಬವರು ಹಲ್ಲುಗಳ ಹೊಂದಿಕೆಯ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ವೈದ್ಯರು ಇಂದಿಗೂ ಆ ವಿಂಗಡಣೆಯನ್ನೇ ಬಳಸುತ್ತಾರೆ. ತಂತಿಯಿಲ್ಲದೆ ಹಲ್ಲನ್ನು ಸರಿಸುವ ಯೋಚನೆಯು ೧೯೪೫ರಲ್ಲಿ ಅಮೇರಿಕದ ಕೆಸ್ಲಿಂಗ್ ಎಂಬ ವೈದ್ಯರಿಂದ ಬಂತು. ತಂತಿ ತೆಗೆದ ಮೇಲೆ ಉಳಿಯುವ ಸಣ್ಣ ಕೊರತೆಗಳನ್ನು ತಿದ್ದುವುದಕ್ಕೆ ಅವರು ರಬ್ಬರಿನ ಒಂದು ಸಾಧನವನ್ನು ಮಾಡಿದರು. ಸ್ವಲ್ಪ ಸ್ವಲ್ಪವೇ ಭೇದವಿರುವ ಅಂಥ ಸಾಧನಗಳನ್ನು ಒಂದಾದ ಮೇಲೊಂದರಂತೆ ಧರಿಸಿದರೆ ದೊಡ್ಡ ಚಲನೆಗಳೂ ಸಾಧ್ಯವಾದಾವೆಂದು ಅಂದೇ ಬರೆದರು. ೧೯೬೪ರಲ್ಲಿ ನಹೂಮ್ ಎಂಬ ವೈದ್ಯರು ತೆಳುವಾದ ಪ್ಲಾಸ್ಟಿಕ್ಕಿನ ಹಾಳೆಯನ್ನು ಹಲ್ಲಿನ ಅಚ್ಚಿನ ಮೇಲೆ ಎಳೆದು ಇದೇ ಕೆಲಸವನ್ನು ಮಾಡಿ ತೋರಿಸಿದರು. ಆದರೆ ಪ್ರತಿಯೊಂದು ಹೆಜ್ಜೆಗೂ ಕೈಯಿಂದ ಹೊಸ ಅಚ್ಚನ್ನು ಮಾಡಬೇಕಾಗಿದ್ದುದರಿಂದ ಆ ಕ್ರಮ ಹರಡಲಿಲ್ಲ. ೧೯೯೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿದ್ದ ಜಿಯಾ ಚಿಶ್ತಿ, ಕೆಲ್ಸಿ ವರ್ತ್ ಎಂಬವರು ಇತರರೊಡನೆ ಸೇರಿ ಅಲೈನ್ ಟೆಕ್ನಾಲಜಿ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಆ ಅಚ್ಚುಗಳ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ೧೯೯೮ರಲ್ಲಿ ಅಮೇರಿಕದ ಸರ್ಕಾರದ ಅನುಮತಿ ದೊರೆಯಿತು. ಇನ್ವಿಸಲೈನ್ ಎಂಬ ಹೆಸರು ಹೀಗೆ ಬಂದದ್ದು. ಈಗ ಬೇರೆ ಬೇರೆ ಸಂಸ್ಥೆಗಳೂ, ನಮ್ಮ ದೇಶದವೂ ಸೇರಿ, ಇಂಥ ಅಲೈನರುಗಳನ್ನು ತಯಾರಿಸುತ್ತವೆ.

ತಯಾರಿಸುವ ಕ್ರಮವು ಹೀಗಿದೆ. ವೈದ್ಯರು ಪುಟ್ಟ ಕ್ಯಾಮರವುಳ್ಳ ಒಂದು ಕಡ್ಡಿಯಿಂದ ಬಾಯೊಳಗನ್ನು ಸ್ಕ್ಯಾನ್ ಮಾಡುತ್ತಾರೆ, ಎಕ್ಸ್-ರೇ ತೆಗೆಯಿಸುತ್ತಾರೆ. ಹಲ್ಲುಗಳು ಈಗಿರುವ ಸ್ಥಾನದಿಂದ ಇರಬೇಕಾದ ಸ್ಥಾನಕ್ಕೆ ಹೋಗುವ ದಾರಿಯನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಹೆಜ್ಜೆಗಳಾಗಿ ಭಾಗಿಸಲಾಗುತ್ತದೆ. ಪ್ರತಿ ಹೆಜ್ಜೆಗೆ ಒಂದೊಂದು ಅಚ್ಚು ಮುದ್ರಣವಾಗಿ ಬರುತ್ತದೆ. ಬಿಸಿ ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಒತ್ತಿ, ಅಂಚನ್ನು ಕತ್ತರಿಸಿದರೆ ಅಲೈನರು ಸಿದ್ಧ. ಅನೇಕ ವೇಳೆ ಕೆಲವು ಹಲ್ಲುಗಳ ಮೇಲೆ ಹಲ್ಲಿನದೇ ಬಣ್ಣದ ಪುಟ್ಟ ಗುಬುಟುಗಳನ್ನು ಅಂಟಿಸುತ್ತಾರೆ. ಅಲೈನರಿಗೆ ಅವು ಹಿಡಿಗಳಿದ್ದಂತೆ. ಸ್ಥಳ ಸಾಲದಿದ್ದರೆ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಉಜ್ಜಿ ತೆಗೆಯುವುದೂ ಉಂಟು. ಆದ್ದರಿಂದ "ಏನೂ ಕಾಣುವುದಿಲ್ಲ, ಏನೂ ಮಾಡುವುದಿಲ್ಲ" ಎಂಬ ಜಾಹೀರಾತಿನ ಮಾತು ಪೂರ್ತಿ ನಿಜವಲ್ಲ.

ಒಂದು ಅಲೈನರು ಹಲ್ಲನ್ನು ಸಾಮಾನ್ಯವಾಗಿ ೦.೨೫ ಮಿಲಿಮೀಟರಿನಷ್ಟು ಮಾತ್ರ ಸರಿಸುತ್ತದೆ. ಹಾಗಾದರೆ ೩ ಮಿಲಿಮೀಟರು ಸರಿಯಬೇಕಾದ ಹಲ್ಲಿಗೆ ೧೨ ಅಲೈನರುಗಳು ಬೇಕು. ಒಂದೊಂದನ್ನು ಎರಡು ವಾರ ಧರಿಸಿದರೆ ೨೪ ವಾರಗಳು. ನಮ್ಮ ಆರನೆಯ ತರಗತಿಯ ಮಕ್ಕಳೂ ಈ ಲೆಕ್ಕವನ್ನು ಮಾಡಬಲ್ಲರು. ಆದರೆ ಲೆಕ್ಕ ಸರಿಹೋಗಬೇಕಾದರೆ ದಿನದ ೨೪ ಗಂಟೆಗಳಲ್ಲಿ ೨೦ರಿಂದ ೨೨ ಗಂಟೆ ಅದು ಬಾಯಲ್ಲಿರಬೇಕು. ತಂತಿಯನ್ನು ಹುಡುಗಿ ಮರೆತರೂ ತಂತಿಯು ತನ್ನ ಕೆಲಸವನ್ನು ಮಾಡುತ್ತದೆ. ಅಲೈನರು ಹಾಗಲ್ಲ, ತೆಗೆದಿಡಬಹುದು ಎಂಬುದು ಅದರ ಗುಣವೂ ಹೌದು, ದೋಷವೂ ಹೌದು. ಪೆಟ್ಟಿಗೆಯಲ್ಲಿ ಮಲಗಿರುವ ಅಲೈನರು ಯಾವ ಹಲ್ಲನ್ನೂ ಸರಿಸದು. ಈ ಕಷ್ಟವನ್ನು ತಿಳಿದೇ, ೨೦೦೮ರಲ್ಲಿ ಹದಿಹರೆಯದವರಿಗಾಗಿ ಬಂದ ಅಲೈನರುಗಳಲ್ಲಿ ಧರಿಸಿದಂತೆಲ್ಲ ಬಣ್ಣ ಮಾಸುವ ನೀಲಿ ಚುಕ್ಕೆಯನ್ನು ಇಟ್ಟರು.

ಈಗ ಆ ಬಾಲಿಕೆಯ ಸಂಗತಿಗೆ ಹಿಂದಿರುಗುತ್ತೇವೆ. ಅವಳಿಗೆ ಅಲೈನರನ್ನೇ ಹಾಕಿಸಿದರು. ನಾಲ್ಕನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಅವಳು ಬುತ್ತಿ ತಿನ್ನುವಾಗ ಅದನ್ನು ತೆಗೆದು ಕಾಗದದಲ್ಲಿ ಸುತ್ತಿಟ್ಟಳು. ಕಾಗದವು ಕಸದ ಡಬ್ಬಿಗೆ ಹೋಯಿತು. ನಮ್ಮ ಆಯಾ ಅವಳ ಸಂಗಡ ಅರ್ಧ ಗಂಟೆ ಹುಡುಕಿದರೂ ಸಿಕ್ಕಲಿಲ್ಲ. ಪೆಟ್ಟಿಗೆಯಲ್ಲಿ ಏಕೆ ಇಡಲಿಲ್ಲವೆಂದು ಕೇಳಿದಾಗ ಅವಳು ಅಳುತ್ತಾ ಹೇಳಿದ ಉತ್ತರವು ನಮಗೆ ನಾಚಿಕೆಯನ್ನುಂಟುಮಾಡಿತು. ಊಟದ ಬಳಿಕ ನಲ್ಲಿಗೆ ಹೋಗಿ ಬಾಯಿ ತೊಳೆದು ಅದನ್ನು ಹಾಕಿಕೊಂಡು ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ತಡವಾಗಿ ಬಂದಳೆಂದು ಅವಳನ್ನು ಎರಡು ಸಾರಿ ಹೊರಗೆ ನಿಲ್ಲಿಸಿದ್ದೆವು. ಆದಕಾರಣ ಅವಳು ಪೆಟ್ಟಿಗೆಯನ್ನು ತರುವುದನ್ನೇ ಬಿಟ್ಟು, ಅಲೈನರನ್ನು ಸಂಜೆಯ ತನಕ ಕಾಗದದಲ್ಲಿಡತೊಡಗಿದ್ದಳು. ತಪ್ಪು ಅವಳದೊಂದೇ ಅಲ್ಲ, ಅರ್ಧವು ನಮ್ಮದು. ಕಾರಣವನ್ನು ಕೇಳದೆ ಶಿಕ್ಷಿಸಿದ ನಾವು, ಪುಸ್ತಕದ ವಿಷಯದಲ್ಲಿ ಕಲಿಯಬೇಕಾಗಿದ್ದ ಪಾಠವನ್ನು ಎರಡನೆಯ ಸಾರಿ ಕಲಿಯಬೇಕಾಯಿತು. ವೈದ್ಯರು ಅವಳಿಗೆ ಹಿಂದಿನ ಅಲೈನರನ್ನೇ ಮತ್ತೆ ಧರಿಸಹೇಳಿ, ಹೊಸ ಸ್ಕ್ಯಾನ್ ತೆಗೆದರು. ಎರಡು ತಿಂಗಳು ಹೆಚ್ಚಾಯಿತು. ಈಗ ನಮ್ಮ ಶಾಲೆಯಲ್ಲಿ ಊಟದ ಗಂಟೆಯ ತರುವಾಯ ಬಾಯಿ ತೊಳೆಯುವುದಕ್ಕೆ ಎಲ್ಲ ಮಕ್ಕಳಿಗೂ ಹತ್ತು ನಿಮಿಷಗಳು ಉಂಟು.

ಇಂಥ ಚಿಕಿತ್ಸೆಯನ್ನು ಯೋಚಿಸುವ ಪೋಷಕರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು. ಮೊದಲನೆಯದು, ಎಲ್ಲ ದೋಷಗಳಿಗೂ ಅಲೈನರು ತಕ್ಕದ್ದಲ್ಲ. ಸಾಧಾರಣವಾದ ಇಕ್ಕಟ್ಟಿಗೂ ಹಲ್ಲುಗಳ ನಡುವಿನ ಎಡೆಗೂ ಅದು ಚೆನ್ನಾಗಿ ಒದಗುತ್ತದೆ. ಬಹಳವಾಗಿ ತಿರುಚಿಕೊಂಡ ಹಲ್ಲನ್ನು ತಿರುಗಿಸುವುದಕ್ಕೂ ಹಲ್ಲು ಕಿತ್ತ ದೊಡ್ಡ ಎಡೆಯನ್ನು ಮುಚ್ಚುವುದಕ್ಕೂ ತಂತಿಯೇ ಮೇಲೆಂದು ವೈದ್ಯರು ಹೇಳಬಹುದು. ದೋಷವು ದವಡೆಯ ಎಲುಬಿನದಾದರೆ ಚಿಕಿತ್ಸೆಯೇ ಬೇರೆ.

ಎರಡನೆಯದು, ಏಳನೆಯ ವಯಸ್ಸಿನ ಹೊತ್ತಿಗೆ ಮಗುವನ್ನು ಒಮ್ಮೆ ತೋರಿಸುವುದು ಉತ್ತಮ. ಚಿಕಿತ್ಸೆಯು ಹೆಚ್ಚಾಗಿ ಆರಂಭವಾಗುವುದು ಹಾಲುಹಲ್ಲುಗಳು ಹೋಗಿ ಹನ್ನೆರಡು ಹದಿಮೂರು ವರ್ಷಗಳಾದಾಗ. ಆದರೆ ಕಾಲ ಮೀರಿತೆಂದು ಯಾರೂ ವ್ಯಥೆಪಡಬೇಕಾಗಿಲ್ಲ. ವಸಡೂ ಎಲುಬೂ ಆರೋಗ್ಯವಾಗಿದ್ದರೆ ನಮ್ಮ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನಲ್ಲಿಯೂ ಹಲ್ಲು ಸರಿಯುತ್ತದೆ.

ಮೂರನೆಯದು, ವೈದ್ಯರ ವಿಷಯ. ಬಿ.ಡಿ.ಎಸ್. ಪದವಿಯ ಮೇಲೆ ಈ ವಿದ್ಯೆಯಲ್ಲಿಯೇ ಮೂರು ವರ್ಷ ಓದಿ ಎಂ.ಡಿ.ಎಸ್. ಪದವಿ ಪಡೆದ ಆರ್ಥೊಡಾಂಟಿಸ್ಟರು ಇದ್ದಾರೆ; ಅವರನ್ನು ಕಾಣುವುದು ಲೇಸು. ಅಮೇರಿಕದಲ್ಲಿ ೨೦೧೪ರಲ್ಲಿ ಆರಂಭವಾದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಸಂಸ್ಥೆಯು ಅಲೈನರುಗಳನ್ನು ಅಂಚೆಯ ಮೂಲಕ ಮನೆಗೇ ಕಳುಹಿಸುತ್ತಿತ್ತು. ೨೦೨೩ರ ಡಿಸೆಂಬರಿನಲ್ಲಿ ಅದು ಬಾಗಿಲು ಮುಚ್ಚಿದಾಗ ಚಿಕಿತ್ಸೆಯ ನಡುವಿನಲ್ಲಿದ್ದವರು ದಿಕ್ಕುತೋಚದೆ ಉಳಿದರು. ಫೋನಿನಲ್ಲಿ ಕಾಣುವ ಅಗ್ಗದ ಜಾಹೀರಾತನ್ನು ನಂಬಿ, ಬಾಯನ್ನು ಒಮ್ಮೆಯೂ ನೋಡದವರ ಕೈಗೆ ಮಗಳ ಹಲ್ಲುಗಳನ್ನು ಒಪ್ಪಿಸಕೂಡದು.

ನಾಲ್ಕನೆಯದು, ಹಣದ ವಿಷಯ. ಅಲೈನರಿಗೆ ಸಾಮಾನ್ಯವಾಗಿ ಲೋಹದ ತಂತಿಗಿಂತ ಹೆಚ್ಚು ಖರ್ಚು ಬೀಳುತ್ತದೆ. ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ. ತಂತಿಯಿಂದಲೂ ಹಲ್ಲು ಅಷ್ಟೇ ನೇರವಾಗುತ್ತದೆ. ಬೆಂಗಳೂರಿನಲ್ಲಿ ೧೯೫೮ರಿಂದ ನಡೆದುಬಂದಿರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಕಡೆಗಳಲ್ಲಿ ಕಡಿಮೆ ವೆಚ್ಚದಲ್ಲಿ ಚಿಕಿತ್ಸೆ ದೊರೆಯುವುದನ್ನು ವಿಚಾರಿಸಬಹುದು.

ಐದನೆಯದು, ದಿನಚರಿ. ಅಲೈನರು ಬಾಯಲ್ಲಿರುವಾಗ ತಣ್ಣನೆಯ ಬರಿಯ ನೀರಲ್ಲದೆ ಬೇರೇನನ್ನೂ ಕುಡಿಯಕೂಡದು; ಕಾಫಿಯಿಂದ ಕಲೆಯಾಗುತ್ತದೆ, ಸಿಹಿಯಾದ ಪಾನೀಯವು ಒಳಗೆ ನಿಂತು ಹಲ್ಲನ್ನು ಹುಳುಕಾಗಿಸುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಅದು ಸೊಟ್ಟಗಾಗುತ್ತದೆ. ತೆಗೆದ ಕೂಡಲೇ ಪೆಟ್ಟಿಗೆಯಲ್ಲಿಡಬೇಕು, ಕಾಗದದಲ್ಲಿ ಎಂದಿಗೂ ಅಲ್ಲ. ಹಿಂದಿನ ಅಲೈನರನ್ನು ಬಿಸಾಡದೆ ಕಾಪಾಡಬೇಕು. ಚಿಕಿತ್ಸೆ ಮುಗಿದ ಮೇಲೆ ವೈದ್ಯರು ಹೇಳುವಷ್ಟು ಕಾಲ ರಿಟೇನರನ್ನು ರಾತ್ರಿ ಧರಿಸಬೇಕು. ಇಲ್ಲವಾದರೆ ಹಲ್ಲುಗಳು ತಮ್ಮ ಹಳೆಯ ಮನೆಗೆ ಹಿಂದಿರುಗುತ್ತವೆ.

ಕಡೆಯದಾಗಿ ತಾಯಂದಿರಿಗೆ ಒಂದು ಮಾತು. ಅಲೈನರನ್ನು ಕೊಳ್ಳುವವರು ನೀವಾದರೂ ದಿನಕ್ಕೆ ೨೨ ಗಂಟೆ ಧರಿಸತಕ್ಕವಳು ಮಗಳು. ಅವಳನ್ನು ವೈದ್ಯರ ಮುಂದೆ ಕೂರಿಸಿ, ಅವಳೇ ಪ್ರಶ್ನೆ ಕೇಳಲಿ, ಅವಳೇ ಒಪ್ಪಲಿ. "ಹೀಗಿದ್ದರೆ ನಿನ್ನನ್ನು ಯಾರು ಮದುವೆಯಾಗುತ್ತಾರೆ?" ಎಂದು ಹೆದರಿಸಿ ಹಾಕಿಸಿದ ಸಾಧನವು ಬೇಗನೆ ಕಸದ ಡಬ್ಬಿಯನ್ನು ಸೇರುತ್ತದೆ, ಆ ಮಾತು ಮಾತ್ರ ಅವಳ ಮನಸ್ಸಿನಲ್ಲಿ ಉಳಿಯುತ್ತದೆ. ನೀಲಿ ಚುಕ್ಕೆಯನ್ನು ಪರೀಕ್ಷಿಸುವುದಕ್ಕಿಂತ ಅವಳನ್ನು ನಂಬಿ ಕೇಳುವುದು ಮೇಲು.

ಆ ಬಾಲಿಕೆಯು ಈ ವರ್ಷ ಶಾಲೆಯನ್ನು ಬಿಟ್ಟು ಕಾಲೇಜಿಗೆ ಹೋದಳು. ಚಿಕಿತ್ಸೆಯು ಇನ್ನೂ ಪೂರ್ತಿಯಾಗಿಲ್ಲ. ಕೋರೆಹಲ್ಲು ಕೊಂಚ ಹೊರಗೇ ಇದೆ. ಬೀಳ್ಕೊಡುಗೆಯ ದಿನ ತರಗತಿಯ ಪರವಾಗಿ ಮಾತನಾಡಿದವಳು ಅವಳೇ. ಬರೆದ ಕಾಗದವನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದಳು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮಗೆ ಪ್ರತಿಯೊಂದು ಮಾತೂ ಕೇಳಿಸಿತು.