ಸೂಕ್ಷ್ಮ ಚರ್ಮಕ್ಕೆ ಮಾಯಿಶ್ಚರೈಸರ್: ಮೊದಲು ಟ್ಯೂಬಿನ ಹಿಂಬದಿ ಓದ್ರಿ

ಯಾದಗಿರಿ ಜಿಲ್ಲೆಯ ಮುದನಾಳದಿಂದ ಮಾತಾಡ್ತಿದ್ದೀನಿ. ಇಯರ್‌ಫೋನ್ ಇದ್ದವರು ಕೇಳ್ರಿ, ಬಸ್‌ನಲ್ಲಿ ಗದ್ದಲ ಇದ್ದರೆ ಇಲ್ಲೇ ಓದ್ಕೊಳ್ರಿ. ಇವತ್ತಿನ ಸಂಚಿಕೆ ಮುಖಕ್ಕೆ ಹಚ್ಚೋ ಮಾಯಿಶ್ಚರೈಸರ್ ಬಗ್ಗೆ. ಸಾಬೂನು ಹಚ್ಚಿದರೆ ಉರಿ, ಬಿಸಿಲಿಗೆ ಹೋದರೆ ಕೆಂಪು, ಹೊಸ ಕ್ರೀಮ್ ಹಚ್ಚಿದರೆ ತುರಿಕೆ – ಇಂಥ ಮುಖ ಇರೋರಿಗಾಗಿ.

ನಾನು ಡಾಕ್ಟರ್ ಅಲ್ರಿ, ಬಿ.ಕಾಂ ಓದಿದವರ ಪೈಕಿ. ಆದರೆ ಈ ವಿಷಯ ನನಗೆ ದುಬಾರಿ ಪಾಠ ಕಲಿಸಿದೆ. ಡಿಗ್ರಿ ಮುಗಿದ ವರ್ಷ ಒಂದು ಇಂಟರ್‌ವ್ಯೂ ಇತ್ತು. ಮುಖ ಒಣಗಿ ಬಿರಿದಿತ್ತು. ಮೆಡಿಕಲ್ ಅಂಗಡಿಯೊಂದರಲ್ಲಿ ‘ಮುಖಕ್ಕೆ ಏನಾದ್ರೂ ಕೊಡ್ರಿ’ ಅಂದೆ. ಒಂದು ಸಣ್ಣ ಟ್ಯೂಬ್ ಕೊಟ್ಟರು. ಚೀಟಿ ಕೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಒಂದೇ ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಗೆಳೆಯರೆಲ್ಲ ‘ಏನ್ ಹಚ್ತೀಪಾ’ ಅಂತ ಕೇಳೋರು. ನಾಲ್ಕು ತಿಂಗಳು ಹಚ್ಚಿದೆ. ಒಂದು ದಿನ ಟ್ಯೂಬ್ ತೀರಿತು, ಹೊಸದು ತರಲಿಲ್ಲ. ಮೂರನೇ ದಿನಕ್ಕೆ ಮುಖ ಕೆಂಡದ ಹಂಗ ಉರಿ, ತುಂಬಾ ಗುಳ್ಳೆ. ಕಲಬುರಗಿಯ ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅವರು ಮುಖ ನೋಡೋಕೆ ಮೊದಲೇ ‘ಟ್ಯೂಬ್ ತೋರಿಸು’ ಅಂದರು. ಖಾಲಿ ಟ್ಯೂಬ್ ಕಿಸೆಯಲ್ಲೇ ಇತ್ತು. ‘ಇದು ಕ್ರೀಮ್ ಅಲ್ಲ ತಮ್ಮಾ, ಔಷಧಿ. ಒಳಗೆ ಸ್ಟೀರಾಯ್ಡ್ ಇದೆ’ ಅಂದರು. ಮುಖ ಸರಿಹೋಗೋಕೆ ವರ್ಷದ ಹತ್ತಿರ ಹಿಡಿಯಿತು.

ಹಂಗಾಗಿ ಮೊದಲ ಪಾಠ ಇದೇ: ನೀವು ಮಾಯಿಶ್ಚರೈಸರ್ ಅಂತ ಕೊಳ್ಳುತ್ತಿರೋದು ನಿಜಕ್ಕೂ ಮಾಯಿಶ್ಚರೈಸರ್ ಹೌದೋ ಅಲ್ಲವೋ ನೋಡ್ರಿ. ಟ್ಯೂಬ್ ತಿರುಗಿಸಿರಿ. ಕೆಂಪು ಗೆರೆ, ‘ಆರ್‌ಎಕ್ಸ್’ ಗುರುತು, ‘ಶೆಡ್ಯೂಲ್ ಎಚ್’ ಅನ್ನೋ ಎಚ್ಚರಿಕೆ ಇದ್ದರೆ ಅದು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿ. ಹೆಸರುಗಳಲ್ಲಿ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಕಂಡರೆ ಅದು ಸ್ಟೀರಾಯ್ಡ್. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಕಂಡರೂ ಕೆಳಗಿಡ್ರಿ. ಅವೂ ಡಾಕ್ಟರ್ ಹೇಳಿದರೆ ಮಾತ್ರ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಕಡ್ಡಾಯದ ಪಟ್ಟಿಗೆ ಸೇರಿಸಿತು. ನಿಯಮ ಇದೆ. ಆದರೂ ಮದುವೆ ಸೀಸನ್ ಬಂದರೆ ಊರೂರಲ್ಲಿ ಇಂಥ ಟ್ಯೂಬ್ ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತವೆ.

ಹೆಸರಿಲ್ಲದ, ತಯಾರಕರ ವಿಳಾಸವಿಲ್ಲದ, ಬ್ಯಾಚ್ ನಂಬರ್ ಇಲ್ಲದ ಡಬ್ಬಿ ಕ್ರೀಮ್‌ಗಳಲ್ಲಿ ಇನ್ನೊಂದು ಅಪಾಯ ಇದೆ: ಪಾದರಸ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದವರಲ್ಲಿ ಕಿಡ್ನಿ ಕಾಯಿಲೆ ಪತ್ತೆಯಾಗಿ ದೊಡ್ಡ ಸುದ್ದಿಯಾಯಿತು. ಮುಖಕ್ಕೆ ಹಚ್ಚಿದ್ದು ಚರ್ಮದ ಮೇಲೆಯೇ ನಿಲ್ಲುತ್ತೆ ಅನ್ನೋ ಭ್ರಮೆ ಬ್ಯಾಡ್ರಿ.

ಸರಿ, ಈಗ ನಿಜವಾದ ಮಾಯಿಶ್ಚರೈಸರ್‌ಗೆ ಬರೋಣ. ಅದು ಮಾಡೋ ಕೆಲಸ ಏನು?

ನಮ್ಮ ಕಡೆ ಹಳೇ ಮನೆಗಳ ಗೋಡೆ ನೆನಪಿಸಿಕೊಳ್ರಿ. ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆ. ಗಾರೆ ಉದುರಿದರೆ ಕಲ್ಲು ಗಟ್ಟಿ ಇದ್ದರೂ ಮಳೆನೀರು ಒಳಗೆ ಬರುತ್ತೆ. ಚರ್ಮದ ಮೇಲ್ಪದರವೂ ಹಂಗೇ. ಸತ್ತ ಜೀವಕೋಶಗಳು ಕಲ್ಲು, ಅವುಗಳ ನಡುವಿನ ಕೊಬ್ಬಿನಂಶ ಗಾರೆ. ಆ ಗಾರೆಯಲ್ಲಿ ಮುಖ್ಯವಾದದ್ದು ಸೆರಮೈಡ್. ಗಾರೆ ಸವೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತೆ, ಹೊರಗಿನ ಸಾಬೂನು, ಸೆಂಟು, ಧೂಳು ಒಳಗೆ ನುಗ್ಗುತ್ತವೆ. ಉರಿ, ಕೆಂಪು, ತುರಿಕೆ ಶುರುವಾಗೋದು ಅಲ್ಲಿಂದಲೇ. ಸೂಕ್ಷ್ಮ ಚರ್ಮ ಅನ್ನೋದರಲ್ಲಿ ಬಹಳಷ್ಟು ಈ ಗಾರೆಯ ಕತೆ.

ನಮ್ಮ ಜಿಲ್ಲೆಯಲ್ಲಿ ಗಾರೆ ಸವೆಯೋಕೆ ಕಾರಣ ಹುಡುಕಬೇಕಾಗಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಬಿಸಿಲು, ಒಣಗಾಳಿ, ಬೈಕ್ ಮೇಲೆ ಹೋಗುವಾಗ ಮುಖಕ್ಕೆ ರಾಚೋ ಧೂಳು. ಬೋರ್‌ವೆಲ್ ನೀರು ಸವಳು ಇದ್ದಲ್ಲಿ ಸಾಬೂನು ಪೂರ್ತಿ ತೊಳೆದು ಹೋಗಲ್ಲ, ಮುಖದ ಮೇಲೆ ಪದರದಂಗ ಉಳಿಯುತ್ತೆ. ಚರ್ಮದ ಪಿಎಚ್ ಸುಮಾರು 5, ಮಾಮೂಲಿ ಸಾಬೂನಿನದು 9ರಿಂದ 10. ದಿನಕ್ಕೆ ನಾಲ್ಕು ಸಲ ಸಾಬೂನಿನಿಂದ ಮುಖ ತೊಳೆದು ಆಮೇಲೆ ದುಬಾರಿ ಕ್ರೀಮ್ ಹಚ್ಚೋದು, ಸೋರೋ ಕೊಡಕ್ಕೆ ನೀರು ತುಂಬಿದಂಗ. ಮೊದಲು ಸಾಬೂನು ಕಡಿಮೆ ಮಾಡ್ರಿ.

ಇನ್ನು ಟ್ಯೂಬಿನ ಹಿಂದಿನ ಪಟ್ಟಿ. ಕಾಮರ್ಸ್‌ನವರು ಕಂಪನಿಯ ಜಾಹೀರಾತು ಬಿಟ್ಟು ಬ್ಯಾಲೆನ್ಸ್ ಶೀಟ್ ನೋಡ್ತಾರಲ್ಲ, ಇಲ್ಲೂ ಹಂಗೇ. ಪಟ್ಟಿಯಲ್ಲಿ ಹೆಚ್ಚು ಇರೋದು ಮೊದಲು, ಕಡಿಮೆ ಇರೋದು ಕೊನೆಗೆ. ಮುಂಭಾಗದಲ್ಲಿ ಬಾದಾಮಿ, ಕೇಸರಿ ಚಿತ್ರ ಇದ್ದು ಹಿಂದೆ ಪಟ್ಟಿಯ ಬಾಲದಲ್ಲಿ ಅವು ಇದ್ದರೆ ಅದು ಚಿತ್ರಕ್ಕೆ ಮಾತ್ರ.

ಇರಬೇಕಾದದ್ದು ಮೂರು ಬಗೆ. ಒಂದು, ನೀರು ಹಿಡಿಯೋದು: ಗ್ಲಿಸರಿನ್, ಹೈಅಲುರಾನಿಕ್ ಆ್ಯಸಿಡ್. ಎರಡು, ನೀರು ಆರದಂತೆ ಮುಚ್ಚೋದು: ಪೆಟ್ರೊಲೇಟಮ್, ಲಿಕ್ವಿಡ್ ಪ್ಯಾರಾಫಿನ್, ಡೈಮೆಥಿಕೋನ್. ಮೂರು, ಗಾರೆ ತುಂಬೋದು: ಸೆರಮೈಡ್, ಸ್ಕ್ವಾಲೇನ್. ಪೆಟ್ರೋಲಿಯಂ ಜೆಲ್ಲಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1872ರಲ್ಲಿ. ನೀರು ಹಿಡಿದಿಡೋದರಲ್ಲಿ ಆ ಅಗ್ಗದ ಡಬ್ಬಿ ಇಂದಿಗೂ ಮುಂದಿನ ಸಾಲಿನಲ್ಲೇ ಇದೆ. ಜಿಡ್ಡು ಜಾಸ್ತಿ, ಅಷ್ಟೇ.

ಇರಬಾರದ್ದು: ಫ್ರೇಗ್ರೆನ್ಸ್ ಅಥವಾ ಪರ್ಫ್ಯೂಮ್ ಅಂತ ಬರೆದದ್ದು, ನಿಂಬೆ, ಪುದೀನ, ಲ್ಯಾವೆಂಡರ್ ಎಣ್ಣೆಗಳು, ಮೆಂಥಾಲ್, ಆಲ್ಕೋಹಾಲ್ ಡಿನ್ಯಾಟ್. ಗ್ಲೈಕಾಲಿಕ್, ಲ್ಯಾಕ್ಟಿಕ್ ಆ್ಯಸಿಡ್, ರೆಟಿನಾಲ್ ಇದ್ದರೂ ಉರಿಯೋ ಮುಖಕ್ಕೆ ಈಗ ಬ್ಯಾಡ. ಒಂದು ಗೊಂದಲ ಬಿಡಿಸ್ತೀನಿ: ಸೀಟೈಲ್ ಆಲ್ಕೋಹಾಲ್, ಸ್ಟಿಯರಿಲ್ ಆಲ್ಕೋಹಾಲ್ ಅಂತ ಕಂಡರೆ ಹೆದರಬೇಡ್ರಿ. ಹೆಸರು ಒಂದೇ ಥರ ಇದ್ದರೂ ಅವು ಮೇಣದಂಥವು, ಸಾಮಾನ್ಯವಾಗಿ ಚರ್ಮ ಮೆತ್ತಗೆ ಮಾಡ್ತವೆ.

ಇನ್ನೊಂದು, ‘ಅನ್‌ಸೆಂಟೆಡ್’ ಬೇರೆ, ‘ಫ್ರೇಗ್ರೆನ್ಸ್ ಫ್ರೀ’ ಬೇರೆ. ಅನ್‌ಸೆಂಟೆಡ್ ಅಂದ್ರೆ ವಾಸನೆ ಬರಲ್ಲ ಅಂತ ಮಾತ್ರ. ಮೂಲ ವಾಸನೆ ಮುಚ್ಚೋಕೆ ಬೇರೆ ಪರಿಮಳ ಹಾಕಿರಬಹುದು. ನಮಗೆ ಬೇಕಾದದ್ದು ಫ್ರೇಗ್ರೆನ್ಸ್ ಫ್ರೀ. ‘ನ್ಯಾಚುರಲ್’, ‘ಹೈಪೋಅಲರ್ಜೆನಿಕ್’, ‘ಡರ್ಮಟಾಲಜಿಸ್ಟ್ ಟೆಸ್ಟೆಡ್’ ಅನ್ನೋ ಮಾತುಗಳಿಗೆ ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಅಂತಿಲ್ಲ. ಅವನ್ನು ನಂಬಿ ಪಟ್ಟಿ ಓದೋದು ಬಿಡಬೇಡ್ರಿ.

‘ಕೊಬ್ಬರಿ ಎಣ್ಣಿ ಸಾಲಂಗಿಲ್ಲೇನ?’ ಅಂತ ಅವ್ವ ಕೇಳ್ತಾಳೆ. ಒಣಗಿದ ಕೈಕಾಲಿಗೆ ಚಲೋ. ಮೊಡವೆ ಬರೋ ಮುಖಕ್ಕೆ ಮಾತ್ರ ರಂಧ್ರ ಮುಚ್ಚಿ ಮೊಡವೆ ಹೆಚ್ಚಿಸಬಹುದು. ನಿಂಬೆಹಣ್ಣು ತಿಕ್ಕೋದು ಮಾತ್ರ ಬ್ಯಾಡವೇ ಬ್ಯಾಡ. ನಿಂಬೆರಸದ ಜೊತೆ ಬಿಸಿಲು ಸೇರಿದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತೆ.

ಈಗ ರೊಕ್ಕದ ಲೆಕ್ಕ. ಬೆರಳ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಮುಖಕ್ಕೆ ಅಂಥವು ಎರಡು, ದಿನಕ್ಕೆ ಎರಡು ಸಲ ಅಂದರೆ 2 ಗ್ರಾಂ. ತಿಂಗಳಿಗೆ 60 ಗ್ರಾಂ. ಅಂಗಡಿಯಲ್ಲಿ 50 ಗ್ರಾಂ ಟ್ಯೂಬ್ 250 ರೂಪಾಯಿ ಅಂದುಕೊಳ್ರಿ: ಗ್ರಾಂಗೆ 5 ರೂಪಾಯಿ, ತಿಂಗಳಿಗೆ 300. ಪಕ್ಕದಲ್ಲಿ 200 ಗ್ರಾಂ ಬಾಟಲಿ 400 ರೂಪಾಯಿ: ಗ್ರಾಂಗೆ 2, ತಿಂಗಳಿಗೆ 120. ಎಂಆರ್‌ಪಿ ನೋಡಿ ಸಣ್ಣದು ಅಗ್ಗ ಅಂತ ತಗೊಂಡವರೇ ಜಾಸ್ತಿ ಕೊಟ್ಟಂಗಾಯ್ತು. ಆದರೆ ಮೊದಲ ಸಲ ಸಣ್ಣ ಪ್ಯಾಕೇ ತಗೊಳ್ರಿ, ಯಾಕಂದ್ರೆ ಪರೀಕ್ಷೆ ಬಾಕಿ ಇದೆ.

ಆ ಪರೀಕ್ಷೆ ಹಿಂಗೆ. ಮೊಣಕೈ ಒಳಮಗ್ಗುಲಿಗೆ ನಾಲ್ಕಾಣೆ ಅಗಲದಷ್ಟು ಜಾಗದಲ್ಲಿ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿರಿ. ಕೆಂಪು, ತುರಿಕೆ ಬಂದರೆ ತೊಳೆದು ಬಿಟ್ಟುಬಿಡ್ರಿ. ಏನೂ ಆಗಲಿಲ್ಲ ಅಂದರೆ ದವಡೆಯ ಒಂದು ಕಡೆ ಎರಡು ಮೂರು ದಿನ, ಆಮೇಲೆ ಮುಖಕ್ಕೆ. ಒಮ್ಮೆಗೆ ಒಂದೇ ಹೊಸ ವಸ್ತು. ಎರಡು ಸೇರಿ ಶುರುಮಾಡಿದರೆ ತಪ್ಪು ಯಾವುದರದು ಅಂತ ಗೊತ್ತಾಗಲ್ಲ.

ಹಚ್ಚೋದು ಮುಖ ತೊಳೆದ ಕೂಡಲೇ, ಟವೆಲ್‌ನಿಂದ ಒತ್ತಿ ಒರೆಸಿ, ಇನ್ನೂ ಹಸಿ ಇರುವಾಗ. ಬೇಸಿಗೆಗೆ ತೆಳುವಾದ ಲೋಷನ್ ಅಥವಾ ಜೆಲ್, ಚಳಿಗಾಲಕ್ಕೆ ದಪ್ಪ ಕ್ರೀಮ್. ಗಡ್ಡ ಬೋಳಿಸಿಕೊಳ್ಳೋ ಹುಡುಗರೇ, ಉರಿಯೋ ಲೋಷನ್ ಬದಲು ಇದನ್ನೇ ಹಚ್ಚಿರಿ.

ಕೊನೆಗೆ ಒಂದು ಕೆಲಸ ಹೇಳ್ತೀನಿ. ಇವತ್ತು ಮನೆಗೆ ಹೋದ ಮೇಲೆ ಕನ್ನಡಿ ಹತ್ತಿರ ಇರೋ ಟ್ಯೂಬ್‌ಗಳನ್ನೆಲ್ಲ ತಿರುಗಿಸಿ ನೋಡ್ರಿ. ಅಕ್ಕನದು, ತಂಗಿಯದೂ ನೋಡ್ರಿ. ಕೆಂಪು ಗೆರೆ ಇರೋದನ್ನು ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಗಾಬರಿಯಾಗಿ ಎಸೆಯಬೇಡ್ರಿ. ಒಮ್ಮೆಲೇ ಬಿಟ್ಟರೆ ನನಗಾದಂಗ ಮುಖ ಸಿಡಿದೇಳಬಹುದು. ಅದೇ ಟ್ಯೂಬ್ ಹಿಡ್ಕೊಂಡು ಬೇಗ ಚರ್ಮದ ಡಾಕ್ಟರ್ ಹತ್ತಿರ ಹೋಗ್ರಿ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗ ಇರುತ್ತೆ. ನಾಚಿಕೆ ಬ್ಯಾಡ್ರಿ. ನಾನು ನಾಚಿಕೊಂಡು ಮನೆಯಲ್ಲಿ ಕೂತ ಮೂರು ವಾರವೇ ನನ್ನ ಮುಖಕ್ಕೆ ಹೆಚ್ಚು ಹಾನಿ ಮಾಡಿತು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.