ನೆಲ ಡೊಂಕೋ, ಕೈ ನಡುಕವೋ?

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ಹೇಳಿ ಮಕ್ಕಳ ಬಾಯಿ ಮುಚ್ಚಿಸುವುದು ನಮ್ಮೆಲ್ಲರಿಗೂ ರೂಢಿ. ಜೋಕಾದ ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಏರ್ ರೈಫಲ್ ತರಬೇತಿಗೆ ಸೇರಿದ ಮಗಳು ಗುರಿ ತಪ್ಪಿದಾಗಲೆಲ್ಲ, "ಅಪ್ಪಾ, ಮೇಜು ಅಲುಗುತ್ತದೆ" ಎನ್ನುತ್ತಿದ್ದಳು. ನಾವು ಗಾದೆಯನ್ನೇ ಉತ್ತರವಾಗಿ ಕೊಟ್ಟೆವು. ಬೇಸತ್ತು ಅವಳು ತರಬೇತಿಯನ್ನೇ ಬಿಡುವ ಮಾತಾಡಿದಳು. ಅಂದು ಮೇಜಿನ ಕಾಲಿನಡಿ ಮಡಿಸಿದ ರಟ್ಟೊಂದನ್ನು ಇಟ್ಟು ನೋಡಿದೆವು. ಚದುರುತ್ತಿದ್ದ ಗುಂಡುಗಳು ಒಂದೆಡೆ ಸೇರಿದವು. ನೆಲ ನಿಜಕ್ಕೂ ಡೊಂಕಾಗಿತ್ತು!

ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನಾವು ಅದರ ಲೆಕ್ಕವನ್ನೂ ಹಾಕಿದೆವು. ಬಂದೂಕಿನ ಹಿಂಬದಿ ಕದಲದೆ, ಅಲ್ಲಿಂದ 70 ಸೆಂ.ಮೀ. ಮುಂದಿರುವ ಆಸರೆ ಮಾತ್ರ 1 ಮಿ.ಮೀ. ಸರಿದರೂ, 10 ಮೀಟರ್ ದೂರದ ಫಲಕದಲ್ಲಿ ಗುಂಡು ಸುಮಾರು 14 ಮಿ.ಮೀ. ಆಚೆ ಬೀಳುತ್ತದೆ. ಹತ್ತು ಅಂಕದ ಹೊಡೆತ ಐದಕ್ಕೆ ಇಳಿಯಲು ಇಷ್ಟು ಸಾಕು. ಹತ್ತರ ಚುಕ್ಕೆಯ ವ್ಯಾಸವಾದರೋ ಕೇವಲ ಅರ್ಧ ಮಿ.ಮೀ.

ಆದ್ದರಿಂದ ಆಸರೆಯನ್ನು ಆರಿಸುವ ಮೊದಲು ಮೇಜನ್ನು ಪರೀಕ್ಷಿಸಬೇಕು. ಕಲಿಯುವವರಿಗೆ ಮರಳಿನ ಚೀಲವೇ ಉತ್ತಮ. ಮರಳು ಒಣಗಿರಬೇಕು, ಬಂಗಾಳದ ಮಳೆಗಾಲದಲ್ಲಿ ಇದನ್ನು ಮರೆಯಬಾರದು. ಸಡಿಲವಾಗಿ ತುಂಬಿದ ಚೀಲ ಕುಸಿಯುತ್ತದೆ, ಅತಿ ಬಿಗಿಯಾದದ್ದು ಉರುಳುತ್ತದೆ. ಮುಂದೊಂದು, ಹಿಂದೊಂದು ಚೀಲವಿದ್ದರೆ ಚೆನ್ನು. ಎರಡು ಕಾಲಿನ ಲೋಹದ ಆಸರೆ ಹಗುರವಾದರೂ ನುಣುಪಾದ ಮೇಜಿನ ಮೇಲೆ ಜಾರುತ್ತದೆ. ಮೂರು ಕಾಲಿನದನ್ನು ಕೊಳ್ಳುವವರು ಅದರ ತೂಕ, ಪಾದಗಳ ಅಗಲ ಮತ್ತು ಎತ್ತರ ಹೊಂದಿಸುವ ತಿರುಪನ್ನು ನೋಡಬೇಕು. ಮಗು ಬಂದೂಕಿಗಾಗಿ ಬಗ್ಗಬಾರದು, ಆಸರೆಯೇ ಮಗುವಿನ ಎತ್ತರಕ್ಕೆ ಬರಬೇಕು.

ನಳಿಗೆಯನ್ನು ಎಂದೂ ಆಸರೆಯ ಮೇಲೆ ಊರಬಾರದು. ಅದರ ಕೆಳಗಿನ ಮರದ ಭಾಗವನ್ನು, ಪ್ರತಿ ಸಲವೂ ಒಂದೇ ಜಾಗದಲ್ಲಿ, ಇರಿಸಬೇಕು. ಸ್ಪ್ರಿಂಗ್ ಬಲದ ಏರ್ ರೈಫಲ್ ಹೊಡೆತದ ಹೊತ್ತಿಗೆ ಹಿಂದಕ್ಕೂ ಮುಂದಕ್ಕೂ ಅದುರುವುದರಿಂದ ಅದಕ್ಕೆ ಗಡುಸಾದ ಆಸರೆ ಹೊಂದದು, ಬಿಗಿ ಹಿಡಿತವೂ ಹೊಂದದು. ಗುರಿಯಿಟ್ಟು, ಕಣ್ಣು ಮುಚ್ಚಿ, ಎರಡು ಬಾರಿ ಉಸಿರಾಡಿ ಕಣ್ಣು ತೆರೆಯಿರಿ. ಗುರಿ ಸರಿದಿದ್ದರೆ ಕೂರುವ ಭಂಗಿ ತಪ್ಪಿದೆ ಎಂದರ್ಥ. ಬಳಿಕ ಐದು ಗುಂಡು ಹಾರಿಸಿ, ಅಂಕಗಳನ್ನಲ್ಲ, ಗುಂಪನ್ನು ನೋಡಿ. ಗುಂಪು ಒತ್ತಾಗಿದ್ದು ನಡುವಿನಿಂದ ಸರಿದಿದ್ದರೆ ಸರಿಪಡಿಸಬೇಕಾದುದು ದೃಷ್ಟಿಸಾಧನ. ಇದೆಲ್ಲವೂ ತರಬೇತುದಾರರ ಕಣ್ಣೆದುರು, ಅಭ್ಯಾಸಾಂಗಣದಲ್ಲಿಯೇ ನಡೆಯಬೇಕು.

ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಯಲ್ಲಿ ಆಸರೆಗೆ ಅವಕಾಶವಿಲ್ಲ, ನಿಂತೇ ಹೊಡೆಯಬೇಕು. ಆದರೆ ತೋಳುಗಳಿಂದ ಬಂದೂಕಿನ ಭಾರ ಹೊರಲಾಗದ ಪ್ಯಾರಾ ಕ್ರೀಡಾಪಟುಗಳಿಗೆ ಎಸ್‌ಎಚ್2 ವರ್ಗದಲ್ಲಿ ಸ್ಪ್ರಿಂಗ್ ಅಳವಡಿಸಿದ ಆಸರೆಯುಂಟು. ಕರ್ನಾಟಕದ ಶ್ರೀಹರ್ಷ ದೇವರಡ್ಡಿಯವರು 2022ರಲ್ಲಿ ಫ್ರಾನ್ಸಿನ ಶಾಟೊರೂ ವಿಶ್ವಕಪ್‌ನಲ್ಲಿ ಚಿನ್ನ ಗೆದ್ದದ್ದು ಈ ವರ್ಗದಲ್ಲಿಯೇ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಅವರು ಸ್ಪರ್ಧಿಸಿದರು. ಆಸರೆ ಭಾರವನ್ನಷ್ಟೇ ಹೊರುತ್ತದೆ, ಗುರಿ ಅವರದೇ.

ನಮ್ಮ ಮಗಳು ಈಗ ಆಸರೆ ಬಿಟ್ಟು ನಿಂತು ಹೊಡೆಯುತ್ತಾಳೆ. ಗುಂಡುಗಳು ಮತ್ತೆ ಚದುರುತ್ತಿವೆ. "ಈ ಸಲ ತಪ್ಪು ನನ್ನದೇ ಅಪ್ಪಾ" ಎಂದು ನಗುತ್ತಾಳೆ. ನಾವಾದರೋ, ಗಾದೆ ಹೇಳುವ ಮುನ್ನ ಒಮ್ಮೆ ಮೇಜನ್ನು ಅಲುಗಿಸಿ ನೋಡುವುದನ್ನು ಕಲಿತಿದ್ದೇವೆ.